ಮೇವಿನ ಮಿಷನ್ ತಿನ್ನದ ಬೆರಳು

ಭಾವ,

ಕೂತಿದ್ದೀರಾ? ಇಲ್ಲದಿದ್ದರೆ ಕೂತುಕೊಳ್ಳಿ, ಇದು ನಿಂತು ಓದುವ ಪತ್ರವಲ್ಲ. ನಿಮಗೆ ಕೊಟ್ಟಿದ್ದ ಮಾತನ್ನು ನಾನು ಮುರಿದಿದ್ದೇನೆ. ಇಪ್ಪತ್ತು ವರ್ಷ ಹೊಟ್ಟೆಯೊಳಗೆ ಕಟ್ಟಿಟ್ಟಿದ್ದ ನಿಮ್ಮ ಬೆರಳಿನ ವಿಷಯವನ್ನು ಹೋದ ಶ್ರಾವಣದಲ್ಲಿ ಬಾಯಿಬಿಟ್ಟು ಹೇಳಿದೆ. ಅದೂ ಅಕ್ಕನ ಅಡುಗೆಮನೆಯಲ್ಲಿ, ನಿಮ್ಮ ಮಗಳ ಎದುರಿಗೇ. ಈ ಮುನಿರಾಜ ಬಾಯಿಬಡುಕ, ಇವನಿಗೆ ಹೇಳುವುದೂ ಒಂದೇ ಬನಶಂಕರಿ ಬಸ್ ಸ್ಟ್ಯಾಂಡಿನಲ್ಲಿ ಮೈಕು ಹಿಡಿದು ಕೂಗುವುದೂ ಒಂದೇ ಅಂತ ನೀವು ಅನ್ನುತ್ತಿದ್ದಿರಲ್ಲ? ಇಪ್ಪತ್ತು ವರ್ಷ ಒಂದು ಗುಟ್ಟು ಕಾಪಾಡಿದ ಬಾಯಿಬಡುಕ ಇಡೀ ಕತ್ರಿಗುಪ್ಪೆಯಲ್ಲಿ ಇನ್ನೊಬ್ಬನಿದ್ದರೆ ತೋರಿಸಿ, ಅವನ ಕಾಲಿಗೆ ಬೀಳುತ್ತೇನೆ. ಬೈಯುವ ಮುಂಚೆ ಪೂರ್ತಿ ಓದಿ. ಓದಿದ ಮೇಲೆ ನೀವು ಬೈಯುವುದಿಲ್ಲ, ಕುಣಿಯುತ್ತೀರಿ. ನಾನಂತೂ ಕುಣಿಯುತ್ತಲೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಅದಕ್ಕೇ.

ಆಸ್ಪತ್ರೆಯ ಗೇಟಿನ ಹತ್ತಿರ ನಾವಿಬ್ಬರೂ ನಿಂತಿದ್ದ ಆ ಮಧ್ಯಾಹ್ನ ನೆನಪಿದೆಯಾ? ಜಯನಗರದ ಆ ಹಲ್ಲಿನ ಆಸ್ಪತ್ರೆಯಲ್ಲಿ ನೀವು ಎಕ್ಸ್‌ರೇ ಟೆಕ್ನಿಷಿಯನ್ ಆಗಿ ಹದಿನೆಂಟು ವರ್ಷ ತುಂಬಿತ್ತು. ಮಕ್ಕಳು ಬಾಯಲ್ಲಿ ಫಿಲ್ಮ್ ನಿಲ್ಲಿಸಿಕೊಳ್ಳುವುದಿಲ್ಲ, ಅಳುತ್ತವೆ, ಉಗುಳುತ್ತವೆ. ಹೊರಗೆ ಸಾಲು ಬೆಳೆಯುತ್ತದೆ, ಡಾಕ್ಟರು ಕೂಗುತ್ತಾರೆ. ಅದಕ್ಕೆ ನೀವೇ ನಿಮ್ಮ ಬಲಗೈ ತೋರುಬೆರಳಿನಿಂದ ಫಿಲ್ಮನ್ನು ಅವುಗಳ ಹಲ್ಲಿಗೆ ಒತ್ತಿ ಹಿಡಿದು, ಎಡಗೈಯಲ್ಲಿ ಗುಂಡಿ ಅದುಮುತ್ತಿದ್ದಿರಿ. ಮೊದಲು ಉಗುರಿನ ಮೇಲೆ ಗೆರೆ ಬಂತು. ಆಮೇಲೆ ಚರ್ಮ ಒಣಗಿ ಬಿರುಕು ಬಿಟ್ಟಿತು. ಆಮೇಲೆ ಮಾಯದ ಹುಣ್ಣು. ಫಿಲ್ಮ್ ತೊಳೆಯುವ ನೀರಿನ ಅಲರ್ಜಿ ಅಂತ ಅಕ್ಕನಿಗೆ ಹೇಳಿ ಬಟ್ಟೆ ಸುತ್ತಿಕೊಂಡು ಓಡಾಡಿದಿರಿ. ಕೊನೆಗೆ ದೊಡ್ಡಾಸ್ಪತ್ರೆಯ ಡಾಕ್ಟರು ಬೆರಳು ತಿರುಗಿಸಿ ನೋಡಿ, "ಇದು ಎಕ್ಸ್‌ರೇ ಮಾಡಿರೋ ಕೆಲಸ. ಎರಡು ಗಿಣ್ಣು ತೆಗೀಬೇಕು" ಅಂದರು. ನೀವು ಬಸ್ ಟಿಕೆಟ್ ಕೇಳುವ ದನಿಯಲ್ಲಿ, "ಯಾವತ್ತು ಬರ್ಲಿ ಸಾರ್?" ಅಂದಿರಿ.

ಅವತ್ತು ಗೇಟಿನಲ್ಲಿ ನೀವು ಹೆದರಿದ್ದು ಆಪರೇಷನ್ನಿಗಲ್ಲ.

"ನಿಮ್ಮಕ್ಕ ರತ್ನಂಗೆ ಗೊತ್ತಾದ್ರೆ ನಾಳೆಯಿಂದ ಕೆಲ್ಸಕ್ಕೆ ಕಳ್ಸಲ್ಲ ಕಣೋ. ಆಮೇಲೆ, ಆ ರೂಮಿನ ಗೋಡೆ ಮೇಲೆ ‘ಫಿಲ್ಮನ್ನು ಸಿಬ್ಬಂದಿ ಕೈಯಲ್ಲಿ ಹಿಡಿಯಬಾರದು’ ಅಂತ ಬೋರ್ಡ್ ಇದೆಯಲ್ಲ, ಅದನ್ನ ಬರ್ದವನೇ ನಾನು. ಯಾವ ಮುಖ ಇಟ್ಕೊಂಡು ಹೇಳ್ಲಿ?"

"ನಮ್ಮ ಕೊಟ್ಟಿಗೇಲಿರೋ ಮೇವು ಕತ್ತರಿಸೋ ಮಿಷನ್‌ಗೆ ಸಿಕ್ಕಾಕ್ಕೊಂಡ್ತು ಅನ್ನಿ."

"ನಾನ್ಯಾಕಪ್ಪಾ ನಿನ್ ಕೊಟ್ಟಿಗೇಲಿ ಮೇವು ಕತ್ತರಿಸ್ಲಿ?"

"ನಾನು ಬಲವಂತ ಮಾಡ್ದೆ. ‘ಗಂಡಸಾಗಿದ್ರೆ ಒಂದು ಕಂತೆ ಕತ್ತರಿಸಿ ತೋರ್ಸಿ ಭಾವ’ ಅಂದೆ. ನಾನು ಅಂದೆ ಅಂದ್ರೆ ಯಾರಾದ್ರೂ ನಂಬ್ತಾರೆ ಬಿಡಿ."

ನೀವು ಅಳುತ್ತಲೇ ನಕ್ಕಿರಿ. ಆಮೇಲೆ ಬಟ್ಟೆ ಸುತ್ತಿದ ಕೈಯನ್ನೇ ನನ್ನ ತಲೆಯ ಮೇಲಿಟ್ಟು ಭಾಷೆ ತೆಗೆದುಕೊಂಡಿರಿ. ನನ್ನ ಉಪಾಯ ಎಂಥದು ಅಂದರೆ, ಅಕ್ಕ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ನೇರ ಕೊಟ್ಟಿಗೆಗೆ ಬಂದವಳೇ ನನ್ನ ಕೆನ್ನೆಗೆ ಕೊಟ್ಟಳು. ಆ ಮಿಷನ್ನನ್ನು ಗುಜರಿಗೆ ಹಾಕಿಸುವ ತನಕ ನೀರು ಮುಟ್ಟಲಿಲ್ಲ.

ಹಬ್ಬದ ಊಟಕ್ಕೆ ಕೂತಾಗಲೆಲ್ಲ ಅಕ್ಕ ಆಡುತ್ತಿದ್ದ ಮಾತು ನಿಮಗೆ ಮರೆತಿರಲಾರದು. ನಾನು ಹಲಸಿನ ಹಣ್ಣು ಬಿಡಿಸಲು ಕತ್ತಿ ಹಿಡಿದರೆ ಸಾಕು, "ಅವನ ಕೈಗೆ ಕತ್ತಿ ಕೊಡ್ಬೇಡ್ರೇ, ಬೆರಳು ತಿನ್ನೋ ವಂಶ" ಅನ್ನುತ್ತಿದ್ದಳು. ಅವಳೂ ಅದೇ ವಂಶದವಳು ಅನ್ನುವುದು ಬೇರೆ ಮಾತು! ನೀವು ತಲೆ ತಗ್ಗಿಸಿ ಪಾಯಸ ಕಲಸುತ್ತಿದ್ದಿರಿ. ನಾನು ಹಲ್ಲು ಕಿರಿಯುತ್ತಿದ್ದೆ. ಹೊಗಳಿಸಿಕೊಂಡು ಬದುಕುವ ಮನುಷ್ಯ ನಾನು, ಭಾವ. ಹತ್ತು ಜನರ ಮುಂದೆ ಹಾಗನ್ನಿಸಿಕೊಂಡು ಸುಮ್ಮನೆ ಕೂರುವುದು ಎಂಥ ತಪಸ್ಸು ಅಂತ ಯಾರಿಗಾದರೂ ಗೊತ್ತೇ?

ಈ ಯುಗಾದಿ ಕಳೆದು ಮೂರನೇ ದಿನ, ನಮ್ಮ ಕತ್ರಿಗುಪ್ಪೆ ಬಿಲ್ಡಿಂಗಿನ ಕೆಳಗಿನ ಅಂಗಡಿಯ ಶಟರನ್ನು ನಿಮ್ಮ ಮಗಳು ಸಿಂಚು ತನ್ನ ಕೈಯಾರೆ ಮೇಲೆತ್ತಿದಳು. ಹೌದು, ಡಾಕ್ಟರ್ ಸಿಂಚನ! ನೀವು ಕಣ್ಣು ಮುಚ್ಚಿದಾಗ ಅವಳಿನ್ನೂ ಎರಡನೇ ವರ್ಷದ ಪುಸ್ತಕ ಬಗಲಲ್ಲಿಟ್ಟುಕೊಂಡು ಅಳುತ್ತಿದ್ದಳು. ಈಗ ಹಲ್ಲಿನ ಡಾಕ್ಟರು, ಸ್ವಂತ ಕ್ಲಿನಿಕ್ಕು. ಬೋರ್ಡು ಬರೆಸಿದವನು ನಾನೇ. ಅವಳ ಹೆಸರಿನ ಕೆಳಗೆ "ಸೋದರಮಾವ: ಮುನಿರಾಜು, ಕಟ್ಟಡದ ಮಾಲೀಕರು" ಅಂತ ಸ್ವಲ್ಪವೇ ಸ್ವಲ್ಪ ದಪ್ಪಕ್ಷರದಲ್ಲಿ ಹಾಕಿಸಿದ್ದೆ. ಮರುದಿನ ನೋಡಿದರೆ ಆ ಸಾಲಿನ ಮೇಲೆ ಬಿಳಿ ಬಣ್ಣ. "ಮಾವ, ಇದು ಕ್ಲಿನಿಕ್ಕು, ಮದುವೆ ಕಾರ್ಡಲ್ಲ" ಅಂದಳು. ಹಟದಲ್ಲಿ ಎಲ್ಲ ನಿಮ್ಮದೇ ಅಚ್ಚು.

ಪೂಜೆ ಮುಗಿದು ಕೋಸಂಬರಿ ಹಂಚಿಯಾದ ಮೇಲೆ ಮೊದಲ ಪೇಷೆಂಟು ಯಾರಾಗಬೇಕು ಅನ್ನುವ ಮಾತು ಬಂತು. ನಾನಿರುವಾಗ ಬೇರೆಯವರೇ? ಆ ಕುರ್ಚಿಯ ಮೇಲೆ ಮಹಾರಾಜನ ಹಾಗೆ ಮಲಗಿದೆ. ಅವಳ ಜೊತೆಯಲ್ಲೇ ಪಾಸಾದ ಹುಡುಗ ಬಸವರಾಜ, ಬಾಗಲಕೋಟೆ ಕಡೆಯವನು, ಬಿಟಿಎಂನಲ್ಲಿ ರೂಮು ಮಾಡಿಕೊಂಡಿದ್ದಾನೆ, ಸಹಾಯಕ್ಕೆ ಬಂದಿದ್ದ. ಅವನ ಕೈಯಲ್ಲಿ ಕ್ಯಾಮೆರಾದಂಥ ಒಂದು ಪುಟ್ಟ ಮಿಷನ್. ಈಗ ಎಕ್ಸ್‌ರೇ ಅಂದರೆ ಅಷ್ಟೇ ಭಾವ, ಕೈಯಲ್ಲಿ ಹಿಡಿದು ಗುಂಡಿ ಒತ್ತುವುದು. ಫಿಲ್ಮ್ ಬದಲು ಬಾಯೊಳಗೆ ವೈರಿರುವ ಒಂದು ಬಿಲ್ಲೆ, ಚಿತ್ರ ನೇರ ಕಂಪ್ಯೂಟರಿಗೆ. ಸಿಂಚು ಆ ಬಿಲ್ಲೆಯನ್ನು ನನ್ನ ದವಡೆಗೆ ಇಟ್ಟಳು. ಇಟ್ಟು, ತನ್ನ ಬಲಗೈ ತೋರುಬೆರಳಿನಿಂದ ಒತ್ತಿ ಹಿಡಿದು, "ಬಸು, ಹೊಡಿ" ಅಂದಳು.

ನನಗೆ ಕಂಡದ್ದು ಅವಳ ಬೆರಳಲ್ಲ, ಭಾವ. ಅದೇ ಗಿಣ್ಣು. ಅದೇ ಜಾಗ. ಬಸವರಾಜನ ಹೆಬ್ಬೆರಳು ಗುಂಡಿಯ ಮೇಲೆ ಇಳಿಯುತ್ತಿತ್ತು. ಬಾಯಿ ತುಂಬ ವೈರು, ಮಾತಾಡುವ ಹಾಗಿಲ್ಲ. ನನಗೆ ಏನು ಮಾಡಲು ಸಾಧ್ಯವಿತ್ತೋ ಅದನ್ನು ಮಾಡಿದೆ.

ಕಚ್ಚಿದೆ.

"ಅಯ್ಯಯ್ಯೋ! ಮಾವಾ! ಮೈಮೇಲೆ ಜ್ಞಾನ ಇದ್ಯಾ ನಿಮ್ಗೆ?"

"ಏನ್ರೀ ಮಾವಾರ, ಹಿಂಗ್ಯಾಕ ಮಾಡಿದ್ರಿ? ಡಾಕ್ಟರಿಗೇ ಹಲ್ಲು ಹಚ್ಚಿದ್ರಲ್ರೀ!"

"ಬೆರಳು ಯಾಕೆ ಇಟ್ಟೆ?" ಅಂದೆ ನಾನು, ಎದ್ದು ಕೂತು.

"ಇನ್ನೇನ್ ಇಡ್ಲಿ? ಸೆನ್ಸರ್ ಜಾರತ್ತೆ. ಕಾಲೇಜಲ್ಲಿ ಎಲ್ಲಾರೂ ಹಂಗೇ ಮಾಡೋದು. ಕ್ಯೂ ಅಷ್ಟುದ್ದ ಇರತ್ತೆ."

ಕ್ಯೂ! ಅದೇ ಮಾತು. ಹದಿನೆಂಟು ವರ್ಷ ನೀವು ಹೇಳಿಕೊಂಡ ಅದೇ ಸಮಾಧಾನ. ಹೇಳಿಬಿಡಲೇ ಅಂತ ನಾಲಗೆಯ ತುದಿಗೆ ಬಂತು. ತಲೆಯ ಮೇಲೆ ನೀವು ಇಟ್ಟ ಕೈ ನೆನಪಾಗಿ ನುಂಗಿಕೊಂಡೆ.

ಸ್ಕೂಟರಿನ ಹಿಂದೆ ನನ್ನನ್ನು ಕೂರಿಸಿಕೊಂಡು ಜಯನಗರದಿಂದ ಮನೆಗೆ ಬರುವಾಗ ನೀವು ದಾರಿಯುದ್ದಕ್ಕೂ ಪಾಠ ಮಾಡುತ್ತಿದ್ದಿರಲ್ಲ, ಅದು ಆವತ್ತು ಕೆಲಸಕ್ಕೆ ಬಂತು. ಬೆರಳು ಹೋದ ಮೇಲೆ ನಿಮಗೆ ಆ ವಿಷಯ ಬಿಟ್ಟು ಬೇರೆ ಮಾತೇ ಇರಲಿಲ್ಲ. ಬೇರೆ ಯಾರಿಗೂ ಹೇಳುವ ಹಾಗಿಲ್ಲ, ನನಗೆ ಹೇಳುತ್ತಿದ್ದಿರಿ. ಏಳನೇ ಕ್ಲಾಸಿಗೆ ಹಳ್ಳಿ ಶಾಲೆ ಬಿಟ್ಟವನು ನಾನು, ಆದರೆ ಎಕ್ಸ್‌ರೇ ವಿಷಯದಲ್ಲಿ ನನಗೆ ಡಾಕ್ಟರೇಟೇ ಕೊಡಬೇಕು. ಹಾಗಾಗಿ ಆ ಕುರ್ಚಿಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ಇಬ್ಬರು ಹೊಸ ಡಾಕ್ಟರುಗಳಿಗೆ ಪರೀಕ್ಷೆ ಶುರು ಮಾಡಿದೆ.

"ಬಸವರಾಜಪ್ಪಾ, ಗುಂಡಿ ಒತ್ತೋನು ಎಷ್ಟು ದೂರ ನಿಂತ್ಕೋಬೇಕು?"

"ಆರು ಫೀಟ್ರೀ ಮಾವಾರ. ಕಿರಣ ಬರೋ ದಿಕ್ಕಿಗೆ ನಿಲ್ಲಬಾರದು, ಮಗ್ಗಲಕ್ಕ ಸರೀಬೇಕು. ತೊಂಬತ್ತರಿಂದ ನೂರಾ ಮೂವತ್ತೈದು ಡಿಗ್ರಿ." ಹುಡುಗ ಒಂದೇ ಉಸಿರಿಗೆ ಹೇಳಿದ.

"ಈಗ ನೀನು ನಿಂತಿರೋದು ಎಷ್ಟು?"

ಅವನು ತನ್ನ ಕಾಲು ನೋಡಿಕೊಂಡ. ನನ್ನ ಮೊಣಕಾಲಿಗೆ ಅವನ ತೊಡೆ ತಗುಲುತ್ತಿತ್ತು.

"ಇದು ಹತ್ತಡಿ ಅಂಗಡಿ ಅದರೀ. ಆರು ಫೀಟ್ ಅಂದ್ರ ನಾ ರೋಡಿನ್ಯಾಗ ನಿಲ್ಲಬೇಕಾಕ್ಕೈತಿ."

"ಸಿಂಚು, ಬಾಯಲ್ಲಿ ಬಿಲ್ಲೆ ಹಿಡಿಯೋರು ಯಾರು?"

"ಹೋಲ್ಡರ್ ಹಾಕ್ಬೇಕು, ಇಲ್ಲಾಂದ್ರೆ ಪೇಷೆಂಟೇ ಹಿಡ್ಕೋಬೇಕು. ಗೊತ್ತು ಮಾವ! ಐದು ಮಾರ್ಕ್ಸ್ ಕ್ವೆಶ್ಚನ್ ಅದು, ಪೂರ್ತಿ ಐದೂ ಬಂದಿತ್ತು ನಂಗೆ. ಈಗ ಎಲ್ಲಾ ಡಿಜಿಟಲ್ಲು, ಡೋಸ್ ತುಂಬಾ ಕಮ್ಮಿ. ಮೇಲಾಗಿ ಕಿರಣ ತಡೆಯೋ ಲೆಡ್ ಏಪ್ರನ್ ಹಾಕ್ಕೊಂಡಿದ್ದೀನಲ್ಲ?"

"ಏಪ್ರನ್‌ಗೆ ಬೆರಳಿದೆಯಾ?"

ಇಬ್ಬರಿಗೂ ಎಲ್ಲ ಗೊತ್ತು ಭಾವ, ಕಾಗದದ ಮೇಲೆ. ಕೈಗೆ ಮಾತ್ರ ಯಾರೂ ಹೇಳಿಕೊಟ್ಟಿಲ್ಲ. ಕಾಲೇಜಿನಲ್ಲಿ ಸೀನಿಯರ್ ಹಿಡಿದಿದ್ದನ್ನು ನೋಡಿ ಜೂನಿಯರ್ ಹಿಡಿದ, ಅವನನ್ನು ನೋಡಿ ಇವಳು. ಪೇಷೆಂಟಿಗಾದರೆ ವರ್ಷಕ್ಕೆ ಒಂದೋ ಎರಡೋ ಎಕ್ಸ್‌ರೇ, ಏನೂ ಆಗುವುದಿಲ್ಲ. ಹಿಡಿಯುವ ಬೆರಳಿಗೆ ಮಾತ್ರ ದಿನಾ, ಬಂದವರೆಲ್ಲರದ್ದೂ. ಇದನ್ನು ನಾನು ಹೇಳಿದರೆ ಸಿಂಚು ಕಚ್ಚಿದ ಗುರುತಿಗೆ ಐಸು ಒತ್ತಿಕೊಳ್ಳುತ್ತ, "ಮಾವ, ನೀವು ಎಲ್ಲಿಂದ ಈ ವಾಟ್ಸಾಪ್ ಜ್ಞಾನ ತಂದ್ರಿ?" ಅನ್ನಬೇಕೇ?

ಅವತ್ತಿನಿಂದ ಶ್ರಾವಣದ ತನಕ ನಾನು ಏನೇನು ಆಟ ಕಟ್ಟಿದೆ ಅಂತ ಕೇಳಿದರೆ ನೀವು ಹಣೆ ಚಚ್ಚಿಕೊಳ್ಳುತ್ತೀರಿ. ಮೊದಲು ಮಿಷನ್ನಿನ ಬ್ಯಾಟರಿಯನ್ನು ನಮ್ಮ ರಾಗಿ ಡಬ್ಬದಲ್ಲಿ ಹೂತಿಟ್ಟೆ. ಸಿಂಚು ಎರಡು ದಿನ ಹುಡುಕಿ ಇನ್ನೊಂದು ಬ್ಯಾಟರಿ ತರಿಸಿದಳು. ಆಮೇಲೆ ಎಕ್ಸ್‌ರೇ ತೆಗೆಯುವ ಹೊತ್ತಿಗೆ ಸರಿಯಾಗಿ ಮೇನ್ ಸ್ವಿಚ್ ಆರಿಸುತ್ತಿದ್ದೆ. ಅದು ಬ್ಯಾಟರಿಯಲ್ಲಿ ನಡೆಯುವ ಮಿಷನ್ನು ಅನ್ನುವುದು ನನಗೆ ಮೂರನೇ ದಿನ ಹೊಳೆಯಿತು. ಕೊನೆಗೆ ಹೊರಗೆ ಬೆಂಚಿನ ಮೇಲೆ ಕೂತು, ಬಂದ ಪೇಷೆಂಟುಗಳಿಗೇ ತರಬೇತಿ ಶುರು ಮಾಡಿದೆ. "ಆಂಟಿ, ಡಾಕ್ಟರಮ್ಮ ಬಾಯೊಳಗೆ ಬೆರಳಿಟ್ರೆ ಕಚ್ಚಿಬಿಡಿ, ಸಂಕೋಚ ಬೇಡ" ಅಂದೆ. ಸಿದ್ದಾಪುರದಿಂದ ಬಂದಿದ್ದ ಒಬ್ಬರು ಆಂಟಿ ಹೆದರಿ ಆಟೋ ಹತ್ತಿ ವಾಪಸ್ ಹೋದರು.

ಅವತ್ತು ಸಂಜೆ ಸಿಂಚು ನನ್ನ ಮುಂದೆ ಬಂದು ನಿಂತಳು. ಕಿರುಚಲಿಲ್ಲ. ಕಿರುಚಿದ್ದರೆ ಚೆನ್ನಾಗಿತ್ತು.

"ಮಾವ, ನಿಮ್ ಅಂಗಡಿ ನಿಮಗೇ ಇರ್ಲಿ. ಬಸು ಬಿಟಿಎಂನಲ್ಲಿ ಒಂದು ಜಾಗ ನೋಡಿದ್ದಾನೆ. ಸೋಮವಾರ ಶಿಫ್ಟ್ ಮಾಡ್ತೀನಿ."

"ಅಲ್ಲೂ ಹಂಗೇ ಹಿಡೀತೀಯಾ?"

"ಹಿಡೀತೀನಿ. ಏನೀಗ? ನಮ್ಮಪ್ಪ ಅಷ್ಟು ವರ್ಷ ಎಕ್ಸ್‌ರೇ ರೂಮಲ್ಲೇ ಇದ್ರು. ಅವ್ರಿಗೇನಾಯ್ತು? ಬೆರಳು ಹೋಗಿದ್ದು ನಿಮ್ಮನೆ ಮಿಷನ್‌ಗೆ!"

ಹೇಳಿ ಭಾವ, ಇದಾದ ಮೇಲೆ ನಾನು ಏನು ಮಾಡಬೇಕಿತ್ತು? ನಾನೇ ಕಟ್ಟಿದ ಸುಳ್ಳು ಅವಳ ಕೈಗೆ ಗುರಾಣಿಯಾಗಿ ಕೂತಿತ್ತು. ಅವಳು ಹೋಗಿ ಆ ಬಿಟಿಎಂನ ರೂಮಿನಲ್ಲಿ, ಹೇಳುವವರು ಕೇಳುವವರು ಇಲ್ಲದೆ, ದಿನಾ ದಿನಾ… ನಿಮ್ಮ ಮಾತು ದೊಡ್ಡದೋ, ನಿಮ್ಮ ಮಗಳ ಬೆರಳು ದೊಡ್ಡದೋ?

ಮರುದಿನ ಬೆಳಗ್ಗೆ ಅಕ್ಕನ ಮನೆಗೆ ಹೋದೆ. ಶ್ರಾವಣ ಶನಿವಾರ, ಅಕ್ಕ ಒಲೆಯ ಮುಂದೆ ಬಸ್ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಸಿಂಚು ನನ್ನನ್ನು ನೋಡಿ ಮುಖ ತಿರುಗಿಸಿ ಕೊತ್ತಂಬರಿ ಬಿಡಿಸತೊಡಗಿದಳು. ನಾನು ಬಾಗಿಲಲ್ಲೇ ನಿಂತು, ಚಪ್ಪಲಿ ಕೂಡ ಬಿಚ್ಚದೆ, ಎಲ್ಲವನ್ನೂ ಹೇಳಿದೆ. ಫಿಲ್ಮ್, ಮಕ್ಕಳು, ಕ್ಯೂ, ಗೆರೆ ಬಿದ್ದ ಉಗುರು, ಹುಣ್ಣು, ದೊಡ್ಡಾಸ್ಪತ್ರೆ, ಗೇಟು. ಮೇವಿನ ಮಿಷನ್ನು ಪಾಪ, ಹುಲ್ಲು ಬಿಟ್ಟು ಬೇರೇನೂ ತಿಂದಿಲ್ಲ ಅಂದೆ.

ಸಾರು ಉಕ್ಕಿ ಒಲೆಯ ಮೇಲೆ ಚರ್ರೆಂದಿತು. ಅಕ್ಕ ಸ್ಟೌ ಆರಿಸಿದಳು.

"ಇಪ್ಪತ್ತು ವರ್ಷ ನಿನ್ನ ಬೈದ್ನಲ್ಲೋ."

"ಬೈಸ್ಕೊಂಡೆ."

"ಕೊಟ್ಟಿಗೆಗೆ ಬಂದು ಹೊಡೆದ್ನಲ್ಲೋ."

"ಅದು ಸ್ವಲ್ಪ ಜೋರಾಗೇ ಬಿತ್ತು."

ಅಕ್ಕ ಸೌಟಿನಿಂದ ನನ್ನ ಭುಜಕ್ಕೆ ಒಂದು ಕೊಟ್ಟಳು. "ಇದು ಸುಳ್ಳು ಹೇಳಿದ್ದಕ್ಕೆ." ಇನ್ನೊಂದು ಕೊಟ್ಟಳು. "ಇದು ಅವ್ರಿಗೆ ಸೇರ್ಬೇಕಾದ್ದು. ಅವ್ರಿಲ್ಲ, ಅದನ್ನೂ ನೀನೇ ತಗೋ." ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ನಿಮ್ಮ ಪಾಲಿನ ಏಟು ನನ್ನ ಭುಜದ ಮೇಲಿದೆ ಭಾವ, ಯಾವತ್ತಾದರೂ ಬಂದು ತೆಗೆದುಕೊಳ್ಳಿ.

ಸಿಂಚು ಅಳಲಿಲ್ಲ. ಕೊತ್ತಂಬರಿ ಕಡ್ಡಿ ಹಿಡಿದೇ ಕೇಳಿದಳು.

"ನಂಗೆ ಏಳು ವರ್ಷ ಇದ್ದಾಗ ಅಪ್ಪ ನನ್ ಹಲ್ಲಿನ ಎಕ್ಸ್‌ರೇ ತೆಗೆದ್ರು. ‘ನಿನ್ ಹೆಬ್ಬೆರಳಲ್ಲೇ ಒತ್ಕೋ’ ಅಂತ ಹೇಳಿ, ಬಾಗಿಲ ಹೊರಗೆ ಹೋಗ್ಬಿಟ್ರು. ನಾನು ಎಷ್ಟು ಕರೆದ್ರೂ ಒಳಗೆ ಬರ್ಲಿಲ್ಲ. ಒಂದು ವಾರ ಅಪ್ಪನ ಹತ್ರ ಮಾತು ಬಿಟ್ಟಿದ್ದೆ. ಅದು ಇದಕ್ಕೇನಾ?"

"ಇದಕ್ಕೇ ಕಣಮ್ಮ. ಆಗ ಬೆರಳು ಹೋಗಿ ಮೂರು ವರ್ಷ ಆಗಿತ್ತು. ಆಮೇಲೆ ಅವ್ರು ಯಾರಿಗೂ ಹಿಡೀಲಿಲ್ಲ."

"ಎರಡನೇ ವರ್ಷದಲ್ಲಿ ಇದೇ ಪಾಠ ಅಪ್ಪ ನನ್ನ ಎದುರಿಗೆ ಕೂತು ಕೇಳಿಸ್ಕೊಂಡ್ರು, ಮಾವ. ನಾನು ಬಾಯಿಪಾಠ ಒಪ್ಪಿಸ್ತಿದ್ದೆ. ‘ಸಿಬ್ಬಂದಿ ಎಂದೂ ಕೈಯಲ್ಲಿ ಹಿಡಿಯಬಾರದು.’ ಅಪ್ಪ ‘ಸರಿ, ಮುಂದಿನದು’ ಅಂದ್ರು. ಅಷ್ಟೇ. ಕೈ ಟೇಬಲ್ ಕೆಳಗಿತ್ತು. ಒಂದ್ಸಲ ಮೇಲೆ ಇಟ್ಟು ‘ಇದು ಹೋಗಿದ್ದು ಅದಕ್ಕೇ’ ಅಂದಿದ್ರೆ ಸಾಕಾಗಿತ್ತಲ್ವಾ? ನಾನು ಇಂಟರ್ನ್‌ಶಿಪ್‌ನಲ್ಲಿ ಒಂದ್ಸಲಾನೂ ಹಿಡೀತಿರ್ಲಿಲ್ಲ."

ಇದಕ್ಕೆ ನಿಮ್ಮ ಹತ್ತಿರ ಉತ್ತರ ಇದೆಯಾ? ಅಪರೂಪಕ್ಕೆ ಒಂದು ಮಾತು ಗಂಭೀರವಾಗಿ ಹೇಳುತ್ತೇನೆ, ಭಾವ. ನಾವಿಬ್ಬರೂ ಅಕ್ಕನಿಂದ ಮುಚ್ಚಿಟ್ಟಿದ್ದು ತಪ್ಪೋ ಸರಿಯೋ, ಅದು ನಮ್ಮ ಮನೆಯ ಮಾತು. ಆದರೆ ಆ ರೂಮಿಗೆ ವರ್ಷ ವರ್ಷ ಬರುತ್ತಿದ್ದ ಹೊಸ ಡಾಕ್ಟರುಗಳ ಮುಂದೆ ನೀವು ಆ ಕೈಯನ್ನು ಎತ್ತಿ ತೋರಿಸಬೇಕಿತ್ತು. ಗೋಡೆಯ ಮೇಲಿನ ಬೋರ್ಡನ್ನು ಯಾರು ಓದುತ್ತಾರೆ? ನಿಮ್ಮ ಬೆರಳೇ ಬೋರ್ಡಾಗಿತ್ತು. ನಾನೂ ಅದನ್ನು ಮುಚ್ಚಲು ಕೈ ಜೋಡಿಸಿದೆ. ನನ್ನ ಬುದ್ಧಿವಂತಿಕೆಯಲ್ಲಿ ನನಗೆ ನಾಚಿಕೆಯಾಗಿದ್ದು ಅದೊಂದೇ ಸಲ.

ಆ ಭಾನುವಾರ ಬೆಳಗ್ಗೆ ಸಿಂಚು ನಮ್ಮ ಅಂಗಡಿಗೆ ಬಂದದ್ದು ಸಾಮಾನು ಕಟ್ಟಲು ಅಂತ ನಾನು ಅಂದುಕೊಂಡೆ. ಅವಳ ಕೈಯಲ್ಲಿ ಅಳತೆ ಟೇಪು. ಕುರ್ಚಿಯಿಂದ ಗೋಡೆಯ ತನಕ ಅಳೆದಳು, ಬಾಗಿಲ ತನಕ ಅಳೆದಳು, ತುಟಿ ಕಚ್ಚಿದಳು.

"ಮಾವ, ಈ ಗೋಡೆ ಆಚೆ ಏನಿದೆ?"

"ನನ್ನ ಆಫೀಸು!"

"ಆಫೀಸಲ್ಲಿ ಏನ್ ಮಾಡ್ತೀರಿ?"

"ಪೇಪರ್ ಓದ್ತೀನಿ. ಜನ ಬರ್ತಾರೆ. ಮಾತಾಡ್ತೀನಿ."

"ನಂಗೆ ಆ ಜಾಗ ಬೇಕು. ಗೋಡೆ ಒಡೆದ್ರೆ ಗುಂಡಿ ಒತ್ತೋಕೆ ಆರಡಿ ಆಚೆ ಬೇರೆ ಜಾಗ ಸಿಗತ್ತೆ."

ನನ್ನ ಆಫೀಸು ಭಾವ! ತಿರುಗುವ ಕುರ್ಚಿ, ಫ್ಯಾನು, ಚೌಕಟ್ಟು ಹಾಕಿಸಿದ ನನ್ನದೇ ಫೋಟೋ. ಊರು ಬಡಾವಣೆಯಾಗುವ ಮುಂಚೆ ಅಲ್ಲೇ ನಮ್ಮ ಕೊಟ್ಟಿಗೆ ಇದ್ದದ್ದು. ಒಂದು ನಿಮಿಷ ಯೋಚಿಸಿದೆ ಅಂತ ಸುಳ್ಳು ಹೇಳುವುದಿಲ್ಲ, ಅರ್ಧ ನಿಮಿಷ ಯೋಚಿಸಿದೆ. ಆಮೇಲೆ ಗಾರೆಯವನು ಬರುವ ತನಕವೂ ಕಾಯದೆ ನಾನೇ ಸುತ್ತಿಗೆ ತಂದು ಮೊದಲ ಏಟು ಹಾಕಿದೆ. ಬಸವರಾಜ ಬಿಟಿಎಂನಿಂದ ಓಡಿ ಬಂದ. "ಸರೀರಿ ಮಾವಾರ, ನಿಮ್ಮ ಸೊಂಟ ಹೋದೀತು" ಅಂತ ಸುತ್ತಿಗೆ ಕಸಿದುಕೊಂಡ. ಅವನಿಗೂ ಸಿಂಚು ಎಲ್ಲ ಹೇಳಿದ್ದಳು. ಗೋಡೆ ಒಡೆಯುವಾಗ ಒಂದೊಂದು ಸಲ ನಿಂತು ತನ್ನ ತೋರುಬೆರಳನ್ನು ಮಡಚಿ ಬಿಚ್ಚಿ ನೋಡಿಕೊಳ್ಳುತ್ತಿದ್ದ.

ಈಗ ಬಂದು ನೋಡಬೇಕು ನೀವು! ಎಕ್ಸ್‌ರೇ ಮಿಷನ್ನು ಯಾರ ಕೈಯಲ್ಲೂ ಇಲ್ಲ, ಗೋಡೆಗೆ ಕೂರಿಸಿದೆ. ಗುಂಡಿಯ ವೈರು ಆಚೆ ರೂಮಿಗೆ ಹೋಗುತ್ತದೆ. ನಡುವೆ ಗಟ್ಟಿ ಗೋಡೆಯ ಮರೆ, ಪೇಷೆಂಟ್ ಕಾಣಲು ಒಂದು ಸೀಸದ ಗಾಜಿನ ಕಿಂಡಿ. ಬಾಯಲ್ಲಿ ಬಿಲ್ಲೆ ನಿಲ್ಲಿಸಲು ಒಂದು ಪ್ಲಾಸ್ಟಿಕ್ ಹಿಡಿಕೆ, ಬಟ್ಟೆ ಒಣಗಿಸುವ ಕ್ಲಿಪ್ಪಿನಷ್ಟು ಗಾತ್ರ, ಕಚ್ಚಿಕೊಂಡರೆ ಆಯಿತು. ಅಷ್ಟೇ ಭಾವ. ನಿಮ್ಮ ಎರಡು ಗಿಣ್ಣು ಉಳಿಯಲು ಬೇಕಾಗಿದ್ದದ್ದು ಅಷ್ಟೇ. ಅದನ್ನು ಮೊದಲ ಸಲ ಕೈಯಲ್ಲಿ ಹಿಡಿದು ನೋಡಿದಾಗ ನಾನು ಎದ್ದು ಹೊರಗೆ ಹೋಗಿ ಬೀದಿ ನೋಡುತ್ತ ನಿಂತೆ. ಧೂಳು ಬಿತ್ತು ಕಣ್ಣಿಗೆ. ಗೋಡೆ ಒಡೆದ ಮನೆ, ಧೂಳು ಇದ್ದೇ ಇರುತ್ತದೆ.

ಸರ್ಕಾರದ ರಿಜಿಸ್ಟ್ರೇಷನ್ ಕಾಗದವನ್ನೂ ಮಾಡಿಸಿದಳು. ಜೊತೆಗೆ ಒಂದು ಪುಟ್ಟ ಬ್ಯಾಡ್ಜು ತರಿಸಿದಳು, ಮೈಗೆ ಎಷ್ಟು ಕಿರಣ ತಗುಲಿತು ಅಂತ ಲೆಕ್ಕ ಇಡುವಂಥದ್ದು. ಮೂರು ತಿಂಗಳು ತೊಟ್ಟು ಲ್ಯಾಬಿಗೆ ಕಳುಹಿಸಿದರೆ ಅವರು ಓದಿ ಹೇಳುತ್ತಾರೆ. ಎಲ್ಲರೂ ಎದೆಗೆ ಒಂದು ಸಿಕ್ಕಿಸಿಕೊಳ್ಳುತ್ತಾರಂತೆ. ಇವಳು ಬಲ ಮಣಿಕಟ್ಟಿಗೆ ಅಂತ ಇನ್ನೊಂದನ್ನು ಕೇಳಿ ತರಿಸಿದಳು. "ಹಿಡಿಯೋದೇ ಇಲ್ಲ ಅಂದ್ಮೇಲೆ ಮಣಿಕಟ್ಟಿಗೆ ಯಾಕೆ?" ಅಂದ ಬಸವರಾಜ. ಅವಳು, "ಅಪ್ಪಂಗೆ ತೋರಿಸ್ಬೇಕು" ಅಂದಳು, ನೀವು ಪಕ್ಕದ ರೂಮಿನಲ್ಲಿ ಇದ್ದೀರಿ ಅನ್ನುವ ಹಾಗೆ.

ಭಾನುವಾರ ಭಾನುವಾರ ಈಗ ನಮ್ಮ ಮಹಡಿಯ ಮೇಲೆ ಜಮಖಾನ ಹಾಸುತ್ತೇವೆ. ಹೊಸದಾಗಿ ಪಾಸಾದ ಹಲ್ಲಿನ ಡಾಕ್ಟರುಗಳು ಜೆಪಿ ನಗರದಿಂದ, ಬನಶಂಕರಿಯಿಂದ, ಎಲ್ಲೆಲ್ಲಿಂದಲೋ ಬರುತ್ತಾರೆ. ಮೊದಲ ವಾರ ನಾಲ್ಕು ಜನ, ಈಗ ಚಪ್ಪಲಿ ಬಿಡಲು ಜಾಗವಿಲ್ಲ. ಸಿಂಚು ಪಾಠ ಹೇಳುವುದಿಲ್ಲ. "ಹಿಡಿದಿರೋರೆಲ್ಲ ಕೈ ಎತ್ತಿ" ಅನ್ನುತ್ತಾಳೆ. ಮೊದಲು ತಾನೇ ಎತ್ತುತ್ತಾಳೆ. ಆಮೇಲೆ ಒಂದೊಂದಾಗಿ ಎಲ್ಲ ಕೈಗಳೂ ಏಳುತ್ತವೆ. ಅಷ್ಟು ಎಳೆಯ ಬೆರಳುಗಳು ಭಾವ, ಪೂರ್ತಿ ಪೂರ್ತಿ ಬೆರಳುಗಳು! ಆಗ ಅವಳು ನಿಮ್ಮ ಕಥೆ ಹೇಳುತ್ತಾಳೆ, ಹೆಸರು ಹಿಡಿದು, "ನಮ್ಮಪ್ಪ" ಅಂತಲೇ. ಅಕ್ಕ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತು ಕೇಳುತ್ತಾಳೆ, ಪ್ರತಿ ವಾರವೂ ಮೊದಲ ಸಲ ಕೇಳುವವಳ ಹಾಗೆ. ಕೊನೆಯ ಹತ್ತು ನಿಮಿಷ ನನ್ನ ಭಾಷಣ. ಹತ್ತು ನಿಮಿಷ ಅಂತ ಒಪ್ಪಂದ. ಅರ್ಧ ಗಂಟೆಯಾದರೆ ಅದು ಅವರ ಪುಣ್ಯ.

ಮೊನ್ನೆ ಮಂಗಳವಾರ ಅಕ್ಕನೂ ನಾನೂ ಕ್ಲಿನಿಕ್ಕಿನ ಮುಂದಿನ ಬೆಂಚಿನ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದೆವು. ಸಿಂಚು ಫೋನ್ ಹಿಡಿದು ಹೊರಗೆ ಬಂದಳು. ಬ್ಯಾಡ್ಜಿನ ರಿಪೋರ್ಟ್ ಬಂದಿತ್ತು. ಅವಳ ಮುಖ ನೋಡಿ ನನಗೆ ಏನೂ ತಿಳಿಯಲಿಲ್ಲ. ಫೋನನ್ನು ನನ್ನ ಮುಂದೆ ಹಿಡಿದಳು. ಇಂಗ್ಲಿಷ್ ನನಗೆ ಬರುವುದಿಲ್ಲ, ಅಂಕಿ ಬರುತ್ತದೆ. ಎದೆಯದಕ್ಕೆ ಸೊನ್ನೆ. ಮಣಿಕಟ್ಟಿನದಕ್ಕೆ ಸೊನ್ನೆ.

ಕೂಗಿದೆ ಭಾವ! ಬೀದಿಯ ಈ ತುದಿಯಿಂದ ಆ ತುದಿಗೆ ಕೇಳುವ ಹಾಗೆ ಕೂಗಿದೆ. ಮಡಿಲಲ್ಲಿದ್ದ ಅವರೆಕಾಳು ರಸ್ತೆಗೆಲ್ಲ ಚೆಲ್ಲಿತು. ಬೇಕರಿಗೆ ಓಡಿ ಮೈಸೂರುಪಾಕಿನ ತಟ್ಟೆಯನ್ನೇ ಎತ್ತಿಕೊಂಡು ಬಂದೆ. ಟೈಲರಿಗೆ ಕೊಟ್ಟೆ, ಹೂವಿನವಳಿಗೆ ಕೊಟ್ಟೆ, ಬಾಯಿಗೆ ಹತ್ತಿ ತುರುಕಿಸಿಕೊಂಡು ಕುರ್ಚಿಯಲ್ಲಿ ಕೂತಿದ್ದ ಪೇಷೆಂಟಿಗೂ ಕೊಡಲು ಹೋದೆ.

"ಏನ್ ಅಂಕಲ್, ಏನ್ ವಿಶೇಷ?" ಅಂದ ಟೈಲರು.

"ನಮ್ ಹುಡುಗಿ ರಿಪೋರ್ಟ್ ಬಂತು. ಸೊನ್ನೆ!"

"ಸೊನ್ನೆ ಬಂದಿದ್ದಕ್ಕೆ ಸ್ವೀಟಾ?"

"ಎರಡು ಸೊನ್ನೆ ಕಣಪ್ಪಾ! ಎರಡೆರಡು!"

ಅಕ್ಕ ಮಾತ್ರ ಏಳಲಿಲ್ಲ. ಮಗಳನ್ನು ಪಕ್ಕಕ್ಕೆ ಎಳೆದು ಕೂರಿಸಿಕೊಂಡು, ಅವಳ ಬಲಗೈಯನ್ನು ತನ್ನ ಮಡಿಲಿಗೆ ತೆಗೆದುಕೊಂಡಳು. ಒಂದೊಂದು ಬೆರಳನ್ನೂ ಬುಡದಿಂದ ತುದಿಯ ತನಕ ಸವರಿದಳು. ಉಗುರು ನೋಡಿದಳು. ತೋರುಬೆರಳಿಗೆ ಬಂದಾಗ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಬಿಡಲೇ ಇಲ್ಲ. ಒಳಗೆ ಪೇಷೆಂಟು ಬಾಯಿ ತೆರೆದುಕೊಂಡು ಕಾಯುತ್ತಿದ್ದ. ಸಿಂಚು ಕೈ ಬಿಡಿಸಿಕೊಳ್ಳಲಿಲ್ಲ.

ಅದನ್ನು ನಿಮಗೆ ಹೇಳಬೇಕಿತ್ತು.

ಇಂತಿ ನಿಮ್ಮ ಬಾಮೈದ,
ಮುನಿರಾಜು